ನಡುವಿನ ಹದ, ಮೂರು ಸಲ

ಫೆಬ್ರವರಿ ೬

ಪುಟ್ಟೀ,

ಫೋನು ಬಿಟ್ಟು ಕಾಗದ ಬರೆಯುತ್ತಿದ್ದೇನೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ಮೂರನೇ ನಿಮಿಷಕ್ಕೆ ನಾವಿಬ್ಬರೂ ಕಿರುಚಾಡುತ್ತೇವೆ, ನಾಲ್ಕನೇ ನಿಮಿಷಕ್ಕೆ ಯಾರೋ ಒಬ್ಬರು ಇಟ್ಟುಬಿಡುತ್ತೇವೆ. ಕಾಗದವಾದರೆ ಓದಿ ಮುಗಿಸುವ ತನಕವಾದರೂ ನೀನು ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ.

ಆಸ್ಪತ್ರೆಯವರು ಊರುಗೋಲಿನ ತುದಿಗೆ ಹಾಕುವ ನಮ್ಮ ಬುಷ್ಷುಗಳನ್ನೆಲ್ಲ ಹಿಂದಕ್ಕೆ ಕಳಿಸಿದ್ದಾರೆ. ಆ ರಬ್ಬರು ಒದ್ದೆ ನೆಲದಲ್ಲಿ ಜಾರಿ ಒಬ್ಬ ಅಜ್ಜಿ ಬಚ್ಚಲಲ್ಲಿ ಬಿದ್ದರಂತೆ. ಪುಣ್ಯಕ್ಕೆ ಮಣಿಕಟ್ಟು ಉಳುಕಿದ್ದಷ್ಟೇ. ಸ್ಟೋರ್ ಕೀಪರು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆ ಕುಕ್ಕಿ, "ಏಪ್ರಿಲ್ ಹತ್ತರೊಳಗೆ ಜಾರದೇ ಇರೋದು ತಂದ್ರೆ ಸರಿ. ಇಲ್ದಿದ್ರೆ ಬೇರೆಯವರನ್ನ ನೋಡ್ಕೋತೀವಿ" ಎಂದರು. ನಮಗಿರುವ ದೊಡ್ಡ ಗಿರಾಕಿ ಅದೊಂದೇ. ಅದು ಕೈಬಿಟ್ಟರೆ ಶೆಡ್ಡಿಗೆ ಬೀಗ, ಆರು ಜನ ಮನೆಗೆ.

ಅಪ್ಪ ಎರಡು ದಿನ ಮಾತೇ ಆಡಲಿಲ್ಲ. ನಿನಗೆ ಗೊತ್ತಲ್ಲ, ಪ್ರತಿ ಸಲ ಹೊಸ ಹದ ಕಲಸಿದಾಗಲೂ ತಮ್ಮ ಊರುಗೋಲಿಗೇ ಬುಷ್ಷು ಹಾಕಿಕೊಂಡು, ಬಟ್ಟೆ ಒಗೆಯುವ ಜಾಗದಲ್ಲಿ ನೀರು ಚೆಲ್ಲಿಸಿ, ಆ ಕಡೆಯಿಂದ ಈ ಕಡೆಗೆ ಹತ್ತು ಸಲ ನಡೆದ ಮೇಲೆಯೇ ಮಾಲು ಗೇಟು ದಾಟುವುದು. ಇದಕ್ಕೂ ನಡೆದಿದ್ದರು. ಅವರು ಜಾರಿರಲಿಲ್ಲ. ಮೂರನೇ ದಿನ ಬಾಯಿಬಿಟ್ಟು ಹೇಳಿದ್ದು ಇಷ್ಟೇ: "ಚಿಕ್ಕೋಳಿಗೆ ಬರಿ. ಅವಳು ಇಂಥದಕ್ಕೇ ತಾನೇ ಓದಿರೋದು."

ಬರೆದಿದ್ದೇನೆ.

ಅಕ್ಕ

ಫೆಬ್ರವರಿ ೧೫

ಅಕ್ಕಾ,

ಕಾಗದ ಸಿಕ್ಕಿತು. ಹದಿನೈದು ವರ್ಷ ನನ್ನ ಕೆಲಸವೇನೆಂದು ಯಾರೂ ಕೇಳಿರಲಿಲ್ಲ. ಇರಲಿ.

ಬುಷ್ಷಿನಲ್ಲಿ ಮುಖ್ಯವಾಗಿ ಮೂರು ಸಾಮಾನು: ರಬ್ಬರು, ಮಸಿಪುಡಿ, ಎಣ್ಣೆ. ಗಂಧಕ ಮುಂತಾದ ಚಿಟಿಕೆ ಸಾಮಾನುಗಳನ್ನು ಮುಟ್ಟುವುದು ಬೇಡ. ಈ ಮೂರನ್ನೂ ಕೂಡಿದರೆ ನೂರು ಪಾಲು ಎಂದಿಟ್ಟುಕೋ. ಒಂದನ್ನು ಹೆಚ್ಚಿಸಿದರೆ ಉಳಿದ ಎರಡರಲ್ಲಿ ಯಾವುದಾದರೂ ಇಳಿಯಲೇಬೇಕು. ಹಾಗಾಗಿ "ಎಣ್ಣೆ ಜಾಸ್ತಿ ಮಾಡಿದರೆ ಏನಾಗುತ್ತೆ" ಎಂಬ ಪ್ರಶ್ನೆಗೇ ಅರ್ಥವಿಲ್ಲ. ಯಾವುದನ್ನು ಕಡಿಮೆ ಮಾಡಿ ಎಂದು ಜೊತೆಗೇ ಕೇಳಬೇಕು.

ನನಗೆ ಬೇಕಾದದ್ದು ಮಿತಿಗಳು. ಪ್ರತಿಯೊಂದೂ ಎಷ್ಟಕ್ಕಿಂತ ಕಡಿಮೆಯಾಗಬಾರದು, ಎಷ್ಟನ್ನು ಮೀರಬಾರದು. ಅಂದಾಜು ಬೇಡ. ಅಪ್ಪನನ್ನು ಕೇಳಿ, ಕಾರಣ ಸಹಿತ ಬರೆ.

ಪುಟ್ಟಿ

ಫೆಬ್ರವರಿ ೨೨

ಪುಟ್ಟೀ,

ನಿನ್ನ ಕಾಗದ ಬ್ಯಾಂಕಿನ ನೋಟೀಸಿನ ಹಾಗಿದೆ. ಆದರೂ ಅಪ್ಪ ನನ್ನಿಂದ ಎರಡು ಸಲ ಓದಿಸಿಕೊಂಡರು.

ರಬ್ಬರು ಐವತ್ತಕ್ಕಿಂತ ಕಡಿಮೆಯಾದರೆ ಬುಷ್ಷು ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಎಪ್ಪತ್ತು ದಾಟಿದರೆ ಬೇಗ ಸವೆಯುತ್ತದೆ. ಮಸಿಪುಡಿ ಇಪ್ಪತ್ತೈದರಿಂದ ನಲವತ್ತು. ಅದಕ್ಕಿಂತ ಹೆಚ್ಚಾದರೆ ಮಿಲ್ಲಿನ ಉರುಳೆಗಳು ಕಲಸುವುದಿಲ್ಲ, ಶೆಡ್ಡಿನಲ್ಲಿ ನಮ್ಮ ಮುಖಗಳೂ ಕಾಣುವುದಿಲ್ಲ. ಎಣ್ಣೆ ಐದರಿಂದ ಹದಿನೈದು. ಹದಿನೈದರ ಮೇಲೆ ಹೋದರೆ ಹಿಟ್ಟು ಉರುಳೆಗೆ ಅಂಟಿ, ಕೆರೆದು ತೆಗೆಯುವಷ್ಟರಲ್ಲಿ ಬುಷ್ಷು ಅಚ್ಚೊತ್ತುವ ಪ್ರೆಸ್ಸಿನವನು ರಜೆ ಕೇಳುತ್ತಾನೆ.

ಇನ್ನು ನೂರು ನೂರೇ, ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಬೇಕು ಎಂದು ಕಲಿಸಲು ಹೊರಟಿದ್ದೀಯಲ್ಲ, ಆ ಪಾಠ ನನಗೆ ಹಳೆಯದು. ಅಪ್ಪನ ಕಾಲು ಪ್ರೆಸ್ಸಿಗೆ ಸಿಕ್ಕಿದ ವರ್ಷ, ನಮ್ಮಿಬ್ಬರಲ್ಲಿ ಒಬ್ಬಳು ಓದಬೇಕು, ಒಬ್ಬಳು ಮಿಲ್ಲು ತಿರುಗಿಸಬೇಕು ಎಂದಾದಾಗಲೇ ಕಲಿತೆ. ಆಗ ನನ್ನ ಮಿತಿ ಎಷ್ಟು ಎಂದು ಯಾರೂ ಕಾರಣ ಸಹಿತ ಬರೆಸಿಕೊಳ್ಳಲಿಲ್ಲ.

ಅಕ್ಕ

ಮಾರ್ಚ್ ೨

ಅಕ್ಕಾ,

ಕೊನೆಯ ಪ್ಯಾರಾಕ್ಕೆ ಉತ್ತರ ಬರೆಯುವುದಿಲ್ಲ. ಬರೆದರೆ ಏಪ್ರಿಲ್ ಹತ್ತು ದಾಟುತ್ತದೆ.

ನೀನು ಕೊಟ್ಟ ಮಿತಿಗಳೊಳಗೆ ಬರುವ ಹದಗಳನ್ನೆಲ್ಲ ಚಿತ್ರ ಬರೆದರೆ ಐದು ಮೂಲೆಯ ಒಂದು ತುಂಡು ಜಾಗ ಸಿಗುತ್ತದೆ. ಹದಿಮೂರು ಸಲ ಕಲಸಬೇಕು. ಐದು ಮೂಲೆಗಳಿಗೆ ಐದು, ಅಂಚುಗಳ ಮಧ್ಯಕ್ಕೆ ಐದು, ಸರಿಯಾಗಿ ನಡುವೆ ಮೂರು. ಪಟ್ಟಿ ಇದರೊಂದಿಗಿದೆ. ಮೂಲೆಯ ಹದಗಳು ಕೆಟ್ಟದಾಗಿಯೇ ಬರಬಹುದು. "ಕೆಟ್ಟದು ಅಂತ ಗೊತ್ತಿದ್ದೂ ಯಾಕೆ ಮಾಡೋದು" ಎಂದು ನೀನು ಕೇಳುತ್ತೀ, ಅದಕ್ಕೇ ಹೇಳುತ್ತಿದ್ದೇನೆ: ಊರಿನ ಗಡಿ ನೋಡದವರಿಗೆ ಊರು ಎಷ್ಟಿದೆ ಎಂದು ಗೊತ್ತಾಗುವುದಿಲ್ಲ.

ನಡುವಿನ ಹದ ಐವತ್ತೇಳು, ಮೂವತ್ಮೂರು, ಹತ್ತು. ಇದನ್ನು ಮೂರು ಬೇರೆ ಬೇರೆ ದಿನ, ಮೊದಲಿನಿಂದ ತೂಗಿ, ಮೊದಲಿನಿಂದ ಕಲಸಬೇಕು. ಯಾಕೆ ಎಂದು ಬರೆಯಲು ಹೊರಟರೆ ಹತ್ತು ಪುಟವಾಗುತ್ತದೆ. ಸುಮ್ಮನೆ ಮಾಡು.

ಅಪ್ಪನ ನಡಿಗೆಯನ್ನು ಅಂಕಿಯಾಗಿ ಬರೆಯಲು ಬರುವುದಿಲ್ಲ. ಒಂದು ಹಲಗೆಗೆ ಬಚ್ಚಲಿನ ಟೈಲ್ಸು ಅಂಟಿಸಿ, ಒದ್ದೆ ಮಾಡಿ, ಬುಷ್ಷಿನ ಮೇಲೆ ಭಾರ ಇಟ್ಟು, ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಎಷ್ಟು ಡಿಗ್ರಿಗೆ ಜಾರಿತು ಎಂದು ಬರೆಯಿರಿ. ದೊಡ್ಡ ಅಂಕಿ ಬಂದಷ್ಟೂ ಒಳ್ಳೆಯದು.

ಪುಟ್ಟಿ

ಮಾರ್ಚ್ ೨೭

ಪುಟ್ಟೀ,

ಹದಿಮೂರೂ ಮುಗಿದವು. ನಾವೂ ಮುಗಿದೆವು.

ಮೊದಲ ಮೂಲೆ, ರಬ್ಬರು ಎಪ್ಪತ್ತರದು, ಹತ್ತೊಂಬತ್ತು ಡಿಗ್ರಿಗೆ ಜಾರಿತು. ಮಸಿಪುಡಿ ನಲವತ್ತರ ಎರಡು ಮೂಲೆಗಳು ದರಿದ್ರ: ಹದಿನಾಲ್ಕು, ಹದಿಮೂರು. ಅವನ್ನು ಕಲಸಿದ ದಿನ ಪ್ರೆಸ್ಸಿನವನು, "ಅಕ್ಕಾವ್ರೇ, ನಿಮ್ಮ ತಂಗಿ ಓದಿರೋದು ರಬ್ಬರ್ ಮಾಡೋಕಾ, ಹಾಳು ಮಾಡೋಕಾ?" ಎಂದು ಕೇಳಿದ. ಅಪ್ಪ ಅವನನ್ನು ಗದರಿಸಿ, ನಗು ಬಂದದ್ದನ್ನು ಮುಚ್ಚಿಕೊಳ್ಳಲು ಆಚೆ ಹೋದರು. ಐವತ್ತು, ಮೂವತ್ತೈದು, ಹದಿನೈದರ ಮೂಲೆ ಇಪ್ಪತ್ತಮೂರು. ಆದರೆ ಅರವತ್ತು, ಇಪ್ಪತ್ತೈದು, ಹದಿನೈದರದು ಮೂವತ್ತೊಂದರ ತನಕ ಕದಲಲಿಲ್ಲ! ಅಂಚಿನವು ಪಟ್ಟಿಯಲ್ಲಿವೆ. ನಡುವಿನದು ಇಪ್ಪತ್ನಾಲ್ಕು, ಇಪ್ಪತ್ನಾಲ್ಕು, ಇಪ್ಪತ್ನಾಲ್ಕು.

ಹಲಗೆ ಬಂದರೂ ಅಪ್ಪ ತಮ್ಮ ಪದ್ಧತಿ ಬಿಟ್ಟಿಲ್ಲ. ಹದಿಮೂರು ಡಿಗ್ರಿಗೇ ಜಾರಿದಂಥ ಬುಷ್ಷು ಹಾಕಿಕೊಂಡೂ ಒದ್ದೆ ನೆಲದಲ್ಲಿ ನಡೆದರು. ನಾನು ಪಕ್ಕದಲ್ಲಿ ತೋಳು ಚಾಚಿಕೊಂಡು ನಡೆದೆ.

ಇನ್ನು ಹದಿನಾಲ್ಕು ದಿನ ಉಳಿದಿದೆ. ಬೇಗ ಹೇಳು.

ಅಕ್ಕ

ಮಾರ್ಚ್ ೩೧

ಪ್ರೀತಿಯ ಅಕ್ಕಾ,

ಕಾಗದ ಕೈಗೆ ಸಿಕ್ಕ ದಿನವೇ ಲೆಕ್ಕ ಮುಗಿಸಿ ಬರೆಯುತ್ತಿದ್ದೇನೆ. ಇಷ್ಟು ಅಚ್ಚುಕಟ್ಟಾದ ಅಂಕಿಗಳು ನಮ್ಮ ಪ್ರಯೋಗಾಲಯದಲ್ಲೂ ಬರುವುದಿಲ್ಲ.

ಲೆಕ್ಕಕ್ಕೆ ಒಂದಿಷ್ಟೂ ಅನುಮಾನವಿಲ್ಲ. ರಬ್ಬರು ಅರವತ್ತು, ಮಸಿಪುಡಿ ಇಪ್ಪತ್ತೈದು, ಎಣ್ಣೆ ಹದಿನೈದು. ಇದನ್ನೇ ಮಾಡಿ. ಮಾಲು ಸಾಗಿಸುವ ಮುನ್ನ ಇದೇ ಹದವನ್ನು ಇನ್ನೆರಡು ಸಲ ಕಲಸಿ ನೋಡುವುದು ವಾಡಿಕೆ. ಸಮಯ ಇಲ್ಲದಿದ್ದರೆ ಬಿಡು.

ಅಪ್ಪನಿಗೆ ಹೇಳು, ಅವರ ಮಿತಿಗಳು ಒಂದೂ ಸುಳ್ಳಾಗಲಿಲ್ಲ.

ಪುಟ್ಟಿ

ಏಪ್ರಿಲ್ ೨೦

ನನ್ನ ಪುಟ್ಟೀ,

ಪಾಸು! ಸ್ಟೋರ್ ಕೀಪರು ತಾವೇ ಬಚ್ಚಲಲ್ಲಿ ಸೋಪಿನ ನೀರು ಸುರಿದು ನಡೆದು ನೋಡಿದರು. ಜಾರಲಿಲ್ಲ. ಮುಖದ ಮೇಲೆ ಎಳ್ಳಷ್ಟೂ ನಗುವಿಲ್ಲದೆ, "ಪರವಾಗಿಲ್ಲ, ತಿಂಗಳು ತಿಂಗಳು ಕಳಿಸಿ" ಎಂದರು. ನಾನು ಮೆಟ್ಟಿಲಿಳಿಯುವಾಗ ಅತ್ತುಬಿಟ್ಟೆ. ನಗಬೇಡ.

ಅಪ್ಪ ನಿನ್ನ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಮಿಲ್ಲಿನ ಪಕ್ಕದ ಗೋಡೆಗೆ ಮೊಳೆ ಹೊಡೆಸಿದ್ದಾರೆ. ಯಾರು ಬಂದರೂ ಅದರ ಮುಂದೆ ನಿಲ್ಲಿಸುತ್ತಾರೆ. "ನಮ್ಮ ಚಿಕ್ಕೋಳು ಅಲ್ಲಿ ಕೂತ್ಕೊಂಡೇ ಇಲ್ಲಿ ರಬ್ಬರ್ ಕಲಸ್ತಾಳೆ" ಅನ್ನುತ್ತಾರೆ. ನಿಜವಾಗಿ ಕಲಸಿದವಳು ಹಿಂದೆ ಮಸಿ ಮುಖ ಇಟ್ಟುಕೊಂಡು ನಿಂತಿರುತ್ತೇನೆ. ಈ ಸಲ ಅದಕ್ಕೆ ಹೊಟ್ಟೆ ಉರಿಯಲಿಲ್ಲ ಎಂದರೆ ನಂಬುತ್ತೀಯಾ? ಅಚ್ಚುಕಟ್ಟು ಎಂದು ಬರೆದಿದ್ದೆಯಲ್ಲ. ನನ್ನ ಕೆಲಸವನ್ನು ನೀನು ಮೆಚ್ಚಿದ್ದು ಅದೇ ಮೊದಲು. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ.

ಮೇ ತಿಂಗಳಲ್ಲಿ ಬಂದು ಹೋಗು. ನಿನಗೊಂದು ವಿಷಯ ಹೇಳಬೇಕು, ಸಣ್ಣದು. ಕಾಗದದಲ್ಲಿ ಬೇಡ, ಎದುರಿಗೆ ಕೂತು ಹೇಳುತ್ತೇನೆ. ನೀನು ಬೈದರೂ ಎದುರಿಗೇ ಬೈ.

ಅಕ್ಕ

ಮೇ ೧೮

ಅಕ್ಕಾ,

ತಡವಾಯಿತು. ಬರಲಾಗುವುದಿಲ್ಲ. ಇಲ್ಲಿ ಒಂದು ದೊಡ್ಡ ಸಭೆ ಇತ್ತು, ಅದರಲ್ಲಿ ನಮ್ಮ ಶೆಡ್ಡಿನ ಹದಿಮೂರು ಹದಗಳನ್ನೇ ಉದಾಹರಣೆಯಾಗಿ ತೋರಿಸಿದೆ. ಸಣ್ಣ ಕಾರ್ಖಾನೆಯಲ್ಲೂ ಇದೆಲ್ಲ ಸಾಧ್ಯ ಎಂದು ಜನ ಮೆಚ್ಚಿದರು. ವಿಭಾಗದ ಮುಖ್ಯಸ್ಥರ ಜಾಗಕ್ಕೆ ನನ್ನ ಹೆಸರು ಓಡುತ್ತಿದೆ, ಈಗ ರಜೆ ಕೇಳುವ ಹಾಗಿಲ್ಲ.

ಅಪ್ಪನಿಗೆ ಹೇಳು.

ಪುಟ್ಟಿ

ಜೂನ್ ೯

ಪುಟ್ಟೀ,

ಅಪ್ಪ ಬಿದ್ದರು.

ಮೂರನೇ ತಿಂಗಳ ಮಾಲು. ಅದೇ ಹದ, ಅದೇ ಪಾಲು. ಎಂದಿನಂತೆ ಬುಷ್ಷು ಹಾಕಿಕೊಂಡು ಒಗೆಯುವ ಜಾಗಕ್ಕೆ ಹೋದರು. ಈಗ ಪಾಸಾಗಿರುವ ಹದ ತಾನೇ ಎಂದು ನಾನು ಜೊತೆಗೆ ಹೋಗಲಿಲ್ಲ, ಪೆಟ್ಟಿಗೆಗೆ ಚೀಟಿ ಅಂಟಿಸುತ್ತಿದ್ದೆ. ನಾಲ್ಕನೇ ಹೆಜ್ಜೆಗೆ ಊರುಗೋಲು ಎಲ್ಲೋ, ಅವರು ಎಲ್ಲೋ. ಸೊಂಟದ ಮೂಳೆ ಮುರಿದಿದೆ. ಆಪರೇಷನ್ ಆಯಿತು. ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದು, "ಈ ವಯಸ್ಸಲ್ಲಿ, ಇನ್ನೊಂದು ಕಾಲಿಗೂ ಶಕ್ತಿ ಇಲ್ಲದೋರು... ಮತ್ತೆ ನಿಲ್ಲೋದು ಕಷ್ಟ ಅಮ್ಮ" ಎಂದರು.

ಬಿದ್ದ ಬುಷ್ಷನ್ನು ತಂದು ಹಲಗೆಯ ಮೇಲೆ ಇಟ್ಟೆ. ಹದಿನಾರಕ್ಕೇ ಜಾರಿತು.

ಆಸ್ಪತ್ರೆಗೆ ಹೋಗಿದ್ದ ಪೆಟ್ಟಿಗೆಗಳನ್ನೆಲ್ಲ ನಾನೇ ವಾಪಸ್ ಹೊತ್ತು ತಂದೆ. ವಾರ್ಡಿನಲ್ಲಿ ಒಂದೊಂದು ಊರುಗೋಲಿನ ಹತ್ತಿರವೂ ಬಗ್ಗಿ ಬುಷ್ಷು ಕಿತ್ತೆ. ಸ್ಟೋರ್ ಕೀಪರು ನಮ್ಮ ಹೆಸರನ್ನು ಪುಸ್ತಕದಿಂದ ಹೊಡೆದುಹಾಕಿದರು. ಇನ್ನೇನು ಮಾಡುತ್ತಾರೆ?

ಅಪ್ಪ ಮಾತ್ರ ಎಲ್ಲರ ಹತ್ತಿರವೂ ಹೇಳುತ್ತಿದ್ದಾರೆ: "ಕಾಲು ನಂದು ತಪ್ಪಿದ್ದು, ರಬ್ಬರ್ದಲ್ಲ. ಚಿಕ್ಕೋಳ ಲೆಕ್ಕ ತಪ್ಪೋದಿಲ್ಲ."

ಬಾ.

ಅಕ್ಕ

ಜೂನ್ ೨೧

ಅಕ್ಕಾ,

ಓದಿದೆ. ಹೊರಡಲು ನೋಡುತ್ತಿದ್ದೇನೆ. ಆದರೆ ಮೊದಲು ಕಾರಣ ತಿಳಿಯಬೇಕು. ಮೂರನೇ ತಿಂಗಳ ಮಾಲು ಕಲಸಿದ್ದು ಯಾವ ದಿನ, ಯಾವ ಹೊತ್ತು? ಎಣ್ಣೆಯ ಡಬ್ಬ ಬದಲಾಗಿತ್ತೇ? ತೂಗಿದವರು ಯಾರು? ಎಲ್ಲಾದರೂ ತೂಕ ತಪ್ಪಿದಿರಾ? ಮೂವತ್ತೊಂದು ಬರಬೇಕಾದದ್ದು ಹದಿನಾರಕ್ಕೆ ಇಳಿಯಬೇಕಾದರೆ ಯಾರೋ ಎಲ್ಲೋ ಕೈ ತಪ್ಪಿರಲೇಬೇಕು.

ಪುಟ್ಟಿ

ಜೂನ್ ೨೮

ಅಪ್ಪ ಅಲ್ಲಿ ಮಗ್ಗುಲಾಗಲೂ ಇನ್ನೊಬ್ಬರ ಕೈ ಕಾಯುತ್ತಾ ಮಲಗಿದ್ದಾರೆ. ನಿನಗೆ ಎಣ್ಣೆಯ ಡಬ್ಬದ ಚಿಂತೆ.

ತೂಗಿದವಳು ನಾನು. ತೂಕ ತಪ್ಪಿಲ್ಲ. ಹದಿನಾರನೇ ವಯಸ್ಸಿನಿಂದ ಆ ತಕ್ಕಡಿಯ ಮುಂದೆ ನಿಂತಿದ್ದೇನೆ, ಕಣ್ಣು ಕಟ್ಟಿದರೂ ತೂಗುತ್ತೇನೆ. ತಪ್ಪು ಯಾರದೆಂದು ಹುಡುಕುತ್ತಿದ್ದೀಯಲ್ಲ, ತಗೋ, ಒಂದು ಕೊಡುತ್ತೇನೆ. ಎದುರಿಗೆ ಹೇಳುತ್ತೇನೆ ಎಂದಿದ್ದು ಇದನ್ನೇ.

ನಡುವಿನ ಹದವನ್ನು ನಾನು ಮೂರು ಸಲ ಕಲಸಲಿಲ್ಲ. ಒಂದೇ ಸಲ ಕಲಸಿದೆ. ಇಪ್ಪತ್ನಾಲ್ಕು ಬಂತು. ಎರಡನೇ ದಿನ ಮತ್ತೆ ಅದನ್ನೇ ತೂಗಲು ಹೊರಟಾಗ ಪ್ರೆಸ್ಸಿನವನು, "ಅದೇ ರಬ್ಬರು, ಅದೇ ಮಸಿ, ಅದೇ ಎಣ್ಣೆ. ಅಕ್ಕಾವ್ರೇ, ಬೇರೆ ಏನು ಬರುತ್ತೆ?" ಎಂದ. ನನಗೂ ಹೌದೆನಿಸಿತು. ದಿನಗಳು ಓಡುತ್ತಿದ್ದವು, ಮೂಲೆಗಳು ಇನ್ನೂ ಮೂರು ಬಾಕಿ ಇದ್ದವು. ಒಂದೇ ಅಂಕಿಯನ್ನು ಮೂರು ಸಲ ಬರೆದೆ. ಮೋಸ ಎಂದು ಅನಿಸಲೇ ಇಲ್ಲ ಪುಟ್ಟಿ. ನೀನು ಅಚ್ಚುಕಟ್ಟು ಎಂದು ಮೆಚ್ಚಿದ ಮೇಲೆ ಮಾತ್ರ ಒಳಗೆ ಚುರುಕ್ಕೆಂದಿತು.

ಯಾಕೆ ಮೂರು ಸಲ ಎಂದು ನೀನು ಒಂದು ಸಾಲು ಬರೆದಿದ್ದರೆ ಮಾಡುತ್ತಿದ್ದೆ. ಹತ್ತು ಪುಟವಾಗುತ್ತದೆ ಎಂದೆ. ಹತ್ತು ಪುಟ ಓದುವಷ್ಟು ತಲೆ ಅಕ್ಕನಿಗೆಲ್ಲಿದೆ ಎಂದುಕೊಂಡೆ, ಅಲ್ಲವೇ? ನನ್ನ ತಪ್ಪು ನನಗಿರಲಿ. ಆದರೆ ಒಂದಕ್ಕೆ ಉತ್ತರ ಕೊಡು. ಬರೀ ಆ ಎರಡು ಸುಳ್ಳು ಅಂಕಿಗಳಿಂದ ಅಪ್ಪನ ಸೊಂಟ ಮುರಿಯಿತೇ?

ಅಕ್ಕ

ಜುಲೈ ೩೦

ಅಕ್ಕಾ,

ಒಂದು ತಿಂಗಳಿಂದ ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ.

ಯಾಕೆ ಮೂರು ಸಲ ಎಂದು ಈಗ ಹೇಳುತ್ತೇನೆ. ಹತ್ತು ಪುಟ ಬೇಕಾಗಿಲ್ಲ, ನಾಲ್ಕು ಸಾಲು ಸಾಕಾಗಿತ್ತು. ಒಂದೇ ಹದವನ್ನು ಬೇರೆ ಬೇರೆ ದಿನ ಕಲಸಿದರೆ ಒಂದೇ ಅಂಕಿ ಬರುವುದಿಲ್ಲ. ಉರುಳೆಯ ಬಿಸಿ, ಗಾಳಿಯ ತೇವ, ಕಲಸುವ ಕೈ, ಇವೆಲ್ಲ ಸೇರಿ ಅಂಕಿಯನ್ನು ಅತ್ತಿತ್ತ ಎಳೆಯುತ್ತವೆ. ಎಷ್ಟು ಎಳೆಯುತ್ತವೆ ಎಂದು ತಿಳಿಯಲು ಆ ಮೂರು. ಅದು ಗೊತ್ತಿಲ್ಲದಿದ್ದರೆ ಮೂವತ್ತೊಂದು ಎಂಬುದು ಹದದ ಗುಣವೋ, ಆ ದಿನದ ಅದೃಷ್ಟವೋ ಹೇಳಲಾಗದು. ನಿನ್ನ ಮೂರು ಇಪ್ಪತ್ನಾಲ್ಕುಗಳು, ಇಲ್ಲಿ ಏನೂ ಕದಲುವುದಿಲ್ಲ ಎಂದು ನನ್ನ ಲೆಕ್ಕಕ್ಕೆ ಹೇಳಿದವು. ಲೆಕ್ಕ ಅದನ್ನು ನಂಬಿತು.

ನಾನು ನಂಬಲಿಲ್ಲ. ನೀನು ಕೇಳಿದ್ದಕ್ಕೆ ಉತ್ತರ ಇದು. ಮೊದಲ ದಿನವೇ, ಕಾಗದ ಬಿಡಿಸಿದ ಕೂಡಲೇ ಗೊತ್ತಾಯಿತು. ಈ ಕೆಲಸದಲ್ಲಿರುವ ಯಾರಿಗಾದರೂ ಗೊತ್ತಾಗುತ್ತದೆ. ಒಂದೇ ಹದ ಮೂರು ದಿನ ಒಂದೇ ಅಂಕಿ ಕೊಡುವುದಿಲ್ಲ. ಅಚ್ಚುಕಟ್ಟು ಎಂದು ನಾನು ಬರೆದದ್ದು ಮೆಚ್ಚುಗೆಯಲ್ಲ. ನಿನಗೆ ಅರ್ಥವಾಗುತ್ತದೋ ನೋಡೋಣ ಎಂದು ಚುಚ್ಚಿದ್ದು. ನೀನು ಅದನ್ನು ಮೆಚ್ಚುಗೆ ಎಂದುಕೊಂಡು ಮತ್ತೆ ಮತ್ತೆ ಓದಿದೆ ಎಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ.

ಯಾಕೆ ಕೇಳಲಿಲ್ಲ? ಕೇಳಿದರೆ ನೀನು ಹಳೆಯದನ್ನೆಲ್ಲ ಎತ್ತಿ ಆಡುತ್ತೀ ಎಂದು. ಇದು ನಾನು ನನಗೆ ಹೇಳಿಕೊಂಡ ಕಾರಣ. ಇನ್ನೊಂದಿದೆ. ಮೇ ತಿಂಗಳ ಸಭೆಗೆ ನನಗೊಂದು ಉದಾಹರಣೆ ಬೇಕಿತ್ತು, ಅದು ಸುಂದರವಾಗಿರಬೇಕಿತ್ತು. ನಿನ್ನ ಅಂಕಿಗಳು ಸುಂದರವಾಗಿದ್ದವು. ಅಪ್ಪ ನಡೆದು ನೋಡುತ್ತಾರೆ ಎಂದು ನನಗೆ ಗೊತ್ತಿತ್ತು ಅಕ್ಕಾ. ಚಿಕ್ಕಂದಿನಿಂದ ಗೊತ್ತಿತ್ತು. ಆದರೂ "ಸಮಯ ಇಲ್ಲದಿದ್ದರೆ ಬಿಡು" ಎಂದು ಬರೆದೆ.

ಮುಖ್ಯಸ್ಥರ ಜಾಗ ನನಗೇ ಸಿಕ್ಕಿತು. ಈ ತಿಂಗಳ ಒಂದರಿಂದ.

ಗೋಡೆಯ ಮೇಲಿನ ಕಾಗದವನ್ನು ತೆಗೆದುಹಾಕು. ಅಪ್ಪನಿಗೆ ನಾನೇ ಬಂದು ಹೇಳುತ್ತೇನೆ, ಬಾ ಎಂದರೆ.

ಪುಟ್ಟಿ

ಆಗಸ್ಟ್ ೨೪

ಪುಟ್ಟೀ,

ಶೆಡ್ಡನ್ನು ಈ ತಿಂಗಳ ಕೊನೆಗೆ ಖಾಲಿ ಮಾಡುತ್ತಿದ್ದೇವೆ. ಪ್ರೆಸ್ಸಿನವನಿಗೆ ಬೇರೆ ಕಡೆ ಕೆಲಸ ಸಿಕ್ಕಿದೆ. ಹೋಗುವಾಗ ನನ್ನ ಮುಖ ನೋಡಲಿಲ್ಲ. ಬೇರೆ ಏನು ಬರುತ್ತೆ ಎಂದಿದ್ದು ತಾನೇ ಎಂದು ಅವನಿಗೂ ನೆನಪಿದೆ.

ನಿನ್ನ ಕಾಗದ ಓದಿ ಮೂರು ದಿನ ಕೆಂಡದಂತಿದ್ದೆ. ನಾನು ಗೊತ್ತಿಲ್ಲದೆ ಸುಳ್ಳು ಬರೆದೆ, ನೀನು ಗೊತ್ತಿದ್ದು ಓದಿದೆ. ಯಾವುದು ದೊಡ್ಡದು ಎಂದು ತೂಗುತ್ತಾ ಕೂರುವ ಶಕ್ತಿ ನನ್ನಲ್ಲಿಲ್ಲ. ನಾಲ್ಕನೆಯ ದಿನ ಎದ್ದು ಶೆಡ್ಡಿಗೆ ಹೋದೆ. ಉಳಿದಿದ್ದ ರಬ್ಬರು ಮೂರು ಸಲಕ್ಕೆ ಸಾಕಾಗುವಷ್ಟಿತ್ತು.

ಐವತ್ತೇಳು, ಮೂವತ್ಮೂರು, ಹತ್ತು. ಮೊದಲಿನಿಂದ ತೂಗಿ, ಮೊದಲಿನಿಂದ ಕಲಸಿ, ಮೂರು ಬೇರೆ ಬೇರೆ ದಿನ. ಮೊದಲ ದಿನ ಸೆಖೆ, ಉರುಳೆ ಸುಡುತ್ತಿತ್ತು. ಎರಡನೇ ದಿನ ಮೋಡ. ಮೂರನೇ ದಿನ ನನ್ನ ಕೈ ಸೋತಿತ್ತು, ಹೊರಗಿನ ಹಮಾಲಿಯವನ ಕೈಲಿ ಹಿಡಿಕೆ ತಿರುಗಿಸಿದೆ. ನೀನು ಕೇಳಿದ್ದು ಐದು ತಿಂಗಳು ತಡವಾಗಿ ಕಳಿಸುತ್ತಿದ್ದೇನೆ:

ಇಪ್ಪತ್ತೊಂಬತ್ತು. ಹದಿನೇಳು. ಇಪ್ಪತ್ತೆರಡು.

ಲೆಕ್ಕ ನೀನು ಮಾಡಿಕೋ. ನಾನು ಹಲಗೆಯ ಮುಂದೆ ಒದ್ದೆ ನೆಲದ ಮೇಲೇ ಕೂತುಬಿಟ್ಟೆ. ಅದೇ ರಬ್ಬರು, ಅದೇ ಮಸಿ, ಅದೇ ಎಣ್ಣೆ.

ಮನೆಗೆ ಬಂದಾಗ ಕೈ ಮಸಿಯಾಗಿತ್ತು. ಅಪ್ಪ ಮಂಚದಿಂದಲೇ ನೋಡಿದರು. ಕಣ್ಣು ಇನ್ನೂ ಚುರುಕಾಗಿದೆ.

"ಏನ್ ಕಲಸಿದೆ?"

"ನಡುವಿಂದು ಅಪ್ಪ. ಪುಟ್ಟಿ ಹೇಳಿದ್ದಳಲ್ಲ, ಮೂರು ಸಲ."

"ಈಗ ಯಾಕೆ?"

"ಸುಮ್ನೆ. ಮುಚ್ಚೋ ಮೊದಲು ಒಂದ್ಸಲ."

ದಿಂಬಿನ ಮೇಲೆ ತಲೆ ಎತ್ತಲು ನೋಡಿದರು, ಆಗಲಿಲ್ಲ.

"ಮೂರೂ ಒಂದೇ ಬಂತಾ?"

ಅವರ ಮುಖ ನೋಡಿದೆ. ನಿನ್ನ ಕಾಗದ ಈಗ ಶೆಡ್ಡಿನ ಗೋಡೆಯಿಂದ ಅವರ ಮಂಚದ ಪಕ್ಕದ ಗೋಡೆಗೆ ಬಂದಿದೆ. ತೆಗೆಯಲು ಹೋಗಿದ್ದೆ, ಬಿಡಲಿಲ್ಲ.

"ಹೂಂ ಅಪ್ಪ, ಒಂದೇ," ಎಂದೆ. "ಇಪ್ಪತ್ನಾಲ್ಕು."

"ನಾ ಹೇಳಿರ್ಲಿಲ್ವಾ," ಎಂದು ಕಣ್ಣು ಮುಚ್ಚಿಕೊಂಡರು.

ನೀನು ಬರಬೇಡ.

ಅಕ್ಕ